ಗ್ರಾಫಿಕ್ಸ್ ಕಾರ್ಡೂ ಕಡಕ್ ರೊಟ್ಟಿಯೂ

ಉಳಿತಾಯ ಮಾಡುವ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಹೆಚ್ಚು ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಹಾರಿಹೋದದ್ದು ಹೋದ ಶ್ರಾವಣದಲ್ಲಿ, ಆಳಂದದ ನಮ್ಮ ಮನೆಯ ಕಂಪ್ಯೂಟರಿನ ಮುಂದೆ.

ನಾನು ಹೈಸ್ಕೂಲಿನ ಗಣಿತದ ಮೇಷ್ಟರು. ಪ್ರಶ್ನೆಪತ್ರಿಕೆ ತಯಾರಿಸಲು ಬೇಕೇ ಬೇಕು ಎಂದು ಸುಳ್ಳು ಹೇಳಿ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ನಿಜ ಹೇಳಬೇಕೆಂದರೆ ದಿನಾ ಸಂಜೆ ಲಾರಿ ಓಡಿಸುವ ಗೇಮ್ ಆಡುತ್ತೇನೆ. ಸ್ಕೂಟರಿನಲ್ಲಿ ಹತ್ತಿರದ ಖಜೂರಿ ಊರನ್ನು ದಾಟಲು ಹೆದರುವ ನಾನು, ಪರದೆಯ ಮೇಲೆ ಹದಿನಾರು ಗಾಲಿಯ ಲಾರಿಯನ್ನು ಹಿಮದ ಬೆಟ್ಟದಲ್ಲಿ ರಿವರ್ಸ್ ತೆಗೆಯಬಲ್ಲೆ. "ವಯಸ್ಸು ಐವತ್ತಾತು, ಇನ್ನಾ ಆಟ ಆಡಾಕತ್ತೀರಿ" ಎಂದು ಹೆಂಡತಿ ಮಹಾದೇವಿ ಬೈಯುವುದೂ, ನಾನು ಹಾರ್ನ್ ಹೊಡೆದು ಮುಂದೆ ಹೋಗುವುದೂ ನಡೆದೇ ಇತ್ತು.

ಒಂದು ಸಂಜೆ ಘಾಟಿ ಏರುತ್ತಿದ್ದಾಗ ಏನೋ ಹುರಿದ ವಾಸನೆ ಬಂತು. ಕಾರ್ಡ್ ಸುಟ್ಟಿತೆಂದು ಹೆದರಿ ಲಾರಿ ನಿಲ್ಲಿಸಿದೆ. ಸೆಟ್ಟಿಂಗ್ಸಿನೊಳಗೆ ಹೊಕ್ಕು ಹುಡುಕಿದರೆ ಕರೆಂಟು ಉಳಿಸುವ ಗುಂಡಿಯೊಂದು ಸಿಕ್ಕಿತು. ಒತ್ತಿದೆ. ಎಂಥ ಒಳ್ಳೆಯ ಸೌಲಭ್ಯ ಅಂತೀರಿ! ಚಿತ್ರ ಒಂದಿಷ್ಟು ತಡವರಿಸಿತು, ಅಷ್ಟೇ. ಭೋರ್ಗರೆಯುತ್ತಿದ್ದ ಫ್ಯಾನು ಸುಮ್ಮನಾಯಿತು, ಕಂಪ್ಯೂಟರಿನ ಪೆಟ್ಟಿಗೆ ತಣ್ಣಗಾಯಿತು. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಮಹಾದೇವಿ ಒಂದು ರೊಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಅದು ಒದ್ದೆ ಟವೆಲಿನ ಹಾಗೆ ಜೋತುಬಿದ್ದಿತ್ತು.

"ಕಂಪ್ಯೂಟರಿಗಿ ಯಾನ್ ಮಾಡೀರಿ?"

ಉಳಿತಾಯದ ಗುಂಡಿಯ ವಿಷಯ ಹೇಳಿದೆ. ಆಗ ತಿಳಿಯಿತು. ನಾಲ್ಕು ದಿನದ ಜಿಟಿಜಿಟಿ ಮಳೆಗೆ ಕಡಕ್ ಆಗದ ಜೋಳದ ರೊಟ್ಟಿಗಳನ್ನು ಆಕೆ ಮೇಜಿನ ಹಿಂದೆ, ನಾನು ಗೇಮ್ ಆಡುವಾಗ ಪೆಟ್ಟಿಗೆಯ ಬಿಸಿಗಾಳಿ ಬರುವಲ್ಲಿ, ಬುಟ್ಟಿಯಲ್ಲಿಟ್ಟು ಒಣಗಿಸುತ್ತಿದ್ದಳು. ನನ್ನ ಮೂಗಿಗೆ ಬಡಿದದ್ದು ರೊಟ್ಟಿಯ ವಾಸನೆ. ಅದರ ಮರುದಿನವೇ ಜೇವರ್ಗಿಯಲ್ಲಿ ಅವಳ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ನೂರು ಕಡಕ್ ರೊಟ್ಟಿ ತಾನೇ ತರುವುದಾಗಿ ಮಾತು ಕೊಟ್ಟು ಕೂತಿದ್ದಳು.

"ಹಂಚಿನ ಮ್ಯಾಲ ಇಟ್ರ?" ಎಂದೆ.

"ಕರ್ರಗಾಗ್ತಾವ. ಮೆತ್ತನ ರೊಟ್ಟಿ ಒಯ್ದ್ರ ಅಫಜಲಪುರದ ನಮ್ಮಕ್ಕ ಮಂದಿ ಮುಂದ ನಗ್ತಾಳ್ರೀ" ಎಂದವಳ ಕಣ್ಣಲ್ಲಿ ನೀರು. ನನಗೂ ಬಹಳ ಕೆಟ್ಟದೆನಿಸಿತು. ಅಷ್ಟರಲ್ಲಿ ಕಣ್ಣೊರೆಸಿಕೊಂಡು ಅಂದಳು, "ಆ ಉಳಿತಾಯ ತಗೀರಿ. ಕುಂತು ಗೇಮ್ ಆಡ್ರಿ!"

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಂಥ ಅಪ್ಪಣೆ ಇದೇ ಮೊದಲು. ರಜೆ ಹಾಕಿ ಕೂತೆ. ಮೊದಲ ತಾಸು ಸ್ವರ್ಗ. ಮೂರನೇ ತಾಸಿಗೆ ಸೊಂಟ ಹಿಡಿಯಿತು. ಚಹಾಕ್ಕೆಂದು ಎದ್ದರೆ "ಎಲ್ಲಿಗಿ ಹೊಂಟೀರಿ? ಇನ್ನಾ ನಲವತ್ತು ರೊಟ್ಟಿ ಅದಾವ!" ಎಂದು ಅಡುಗೆಮನೆಯಿಂದ ಕೂಗು. ನಿಜವಾದ ಡ್ರೈವರನಾದರೂ ನಡುವೆ ಧಾಬಾದಲ್ಲಿ ಇಳಿಯುತ್ತಾನೆ. ನನಗೆ ಅದೂ ಇಲ್ಲ.

ಜೇವರ್ಗಿಯಲ್ಲಿ ರೊಟ್ಟಿ ಟಪ್ಪೆಂದು ಮುರಿದವು. ಅಕ್ಕನೇ ಎರಡು ಸಲ ಹಾಕಿಸಿಕೊಂಡಳಂತೆ. ಖುಷಿಯಾಯಿತು. ಆದರೆ ಮಹಾದೇವಿ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಇಷ್ಟು ವರ್ಷ ಗಣಿತ ಕಲಿಸಿದರೂ ನನ್ನ ಮನೆ ಹುಡುಕಿಕೊಂಡು ಒಂದು ಲೆಕ್ಕ ಕೇಳಲು ಯಾರೂ ಬಂದವರಲ್ಲ. ಮೊನ್ನೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಪಕ್ಕದ ಮನೆಯ ನಾಗಮ್ಮ, ಕೈಯಲ್ಲಿ ಬುಟ್ಟಿ.

"ಸರ್, ನಮ್ಮ ಸಂಡಿಗಿ ಹಸೀ ಉಳದಾವ್ರಿ. ಪುರಸತ್ತಿದ್ರ ಒಂದೆರಡು ತಾಸು ಲಾರಿ ಹೊಡೀರಿ."