ವೈರಾಣುವಿನ ಸತ್ಕಾರ ಸಮಾರಂಭ

ಎಚ್‌ಐವಿ ವೈರಾಣುವು ದೇಹದೊಳಗೆ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಖಾನಾಪುರದ ಜನತೆಗೆ ಒಂದೇ ಮಧ್ಯಾಹ್ನದಲ್ಲಿ ಮನವರಿಕೆ ಮಾಡಿಕೊಡತಕ್ಕದ್ದು ಎಂದು ಬೆಳಗಾವಿಯ ಅರಿವು ಪ್ರಸಾರ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಮಿತಿಯಲ್ಲಿ ಆ ವಿಷಯ ಗೊತ್ತಿದ್ದವಳು ಆಪ್ತಸಮಾಲೋಚಕಿ ಪ್ರಮಿಳಾ ಒಬ್ಬಳೇ ಆದ್ದರಿಂದ ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನಾಟಕ ಬರೆಯುವ ಕೆಲಸವನ್ನು ಮಾತ್ರ ಅವಳಿಗೇ ಕೊಟ್ಟರು.

ಶಿವಬಸವ ನಗರದ ಬಾಡಿಗೆ ಮನೆಯಲ್ಲಿ ಕುಳಿತು ಪ್ರಮಿಳಾ ನಾಟಕವನ್ನು ಚೊಕ್ಕವಾಗಿ ಬರೆದಳು. ದೇಸೂರಿನ ಬೀರೇಶ ಕೆಂಪು ಶಾಲು ಹೊದ್ದ ಸೋಂಕಿತ ಕೋಶ. ಬಿಳಿ ಅಂಗಿಯವರೆಲ್ಲ ಆರೋಗ್ಯವಂತ ಕೋಶಗಳು, ಅದರಲ್ಲೂ ರೋಗ ಬಂದಾಗ ಮೊದಲು ಕೂಗು ಹಾಕುವ ರಕ್ಷಣಾ ಕೋಶಗಳು. ವೈರಾಣು ರಕ್ತದಲ್ಲಿ ಒಂಟಿಯಾಗಿ ತೇಲಿಯೂ ಹೋಗಬಲ್ಲದು. ಆದರೆ ಸೋಂಕಿತ ಕೋಶವು ಬಾಜುವಿನ ಕೋಶಕ್ಕೆ ಮೈಗೆ ಮೈ ತಾಗಿಸಿ ನಿಂತರೆ ಅದಕ್ಕೆ ಅಲ್ಲೇ ಸಲೀಸಾದ ದಾರಿ. ಹೊಕ್ಕ ಮೇಲೆ ಆ ಕೋಶ ತನ್ನ ಸ್ವಂತ ಸಾಮಗ್ರಿಯಿಂದಲೇ ಹೊಸ ವೈರಾಣುಗಳನ್ನು ತಯಾರಿಸಿಕೊಡುತ್ತದೆ. ಆದ್ದರಿಂದ ಬೀರೇಶ ಒಬ್ಬನನ್ನು ಅಪ್ಪಿಕೊಂಡು ಶಾಲು ಹೊದಿಸುವುದು, ಅವನು ಇನ್ನೊಬ್ಬನಿಗೆ ಹೊದಿಸುವುದು, ಅಷ್ಟರಲ್ಲಿ ವೈರಾಣು ತಡೆಯುವ ಗುಳಿಗೆಯ ವೇಷದ ಹುಡುಗ ಪರಾಗ ಬಂದು ಅಡ್ಡ ನಿಲ್ಲುವುದು. ಕೊನೆಗೆ ಮಾಯವ್ವ ಮಾತಾಡುವುದು.

ಈ ಮಾಯವ್ವನ ಸಲುವಾಗಿಯೇ ಪ್ರಮಿಳಾ ಇಷ್ಟೆಲ್ಲ ಒದ್ದಾಡಿದ್ದು. ಮಾಯವ್ವ ಖಾನಾಪುರದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅವಳಿಗೆ ಎಚ್‌ಐವಿ ಇದೆ ಎಂಬ ಸುದ್ದಿ ಹಬ್ಬಿದ ದಿನ ಶಾಲಾ ಸಮಿತಿಯ ಅಧ್ಯಕ್ಷ ಭರಮಪ್ಪನವರು "ಸ್ವಲ್ಪ ವಿಶ್ರಾಂತಿ ತಗೋ ತಂಗಿ" ಎಂದಿದ್ದರು. ಆ ವಿಶ್ರಾಂತಿ ಇನ್ನೂ ಮುಗಿದಿರಲಿಲ್ಲ. ದಿನಾ ಗುಳಿಗೆ ನುಂಗಿ ನುಂಗಿ ಈಗ ಅವಳ ರಕ್ತ ಪರೀಕ್ಷೆಯಲ್ಲಿ ವೈರಾಣು ಕಾಣಿಸಿಕೊಳ್ಳುವುದನ್ನೇ ಬಿಟ್ಟಿತ್ತು.

"ಅಕ್ಕಾರ, ನಾ ಎಲ್ಲಾರ ಮುಂದ ಹೇಳಾಕ ತಯಾರದೀನಿ," ಎಂದಿದ್ದಳು ಮಾಯವ್ವ. "ಭರಮಪ್ಪ ಯಜಮಾನ್ರು ಮುಂದಿನ ಸಾಲಿನ್ಯಾಗ ಕುಂತಿರ್ತಾರ. ಮಂದಿ ಎದುರಿಗೆ ಒಮ್ಮಿ ನನ್ನ ಕೈ ಹಿಡದ್ರ ಸಾಕು, ಮರುದಿನ ಒಲಿ ಹಚ್ಚತೀನಿ."

ಖಾನಾಪುರದಲ್ಲಿ ನಾಟಕ ವೇಳೆಗೆ ಸರಿಯಾಗಿ ಶುರುವಾಯಿತು. ಬೀರೇಶ ಮೊದಲ ಬಿಳಿ ಅಂಗಿಯವನನ್ನು ಅಪ್ಪಿ ಶಾಲು ಹೊದಿಸಿದ. ಸಭೆ ಗಲಿಬಿಲಿಗೊಂಡಿತು. ನಮ್ಮ ಕಡೆ ವೇದಿಕೆಯ ಮೇಲೆ ಶಾಲು ಬಿಚ್ಚಿದರೆ ಅದು ಸತ್ಕಾರ, ಬೇರೆ ಅರ್ಥವೇ ಇಲ್ಲ. ಗಣ್ಯರು ಕುರ್ಚಿಯಲ್ಲಿ ಕುಳಿತಿರುವಾಗ ಯಾರೋ ಪಾತ್ರಧಾರಿಗೆ ಮೊದಲ ಶಾಲು ಎಂದರೆ ಏನರ್ಥ? ಸಮಿತಿಯ ಮುಖ್ಯಾಧಿಕಾರಿ ಗಜಾನನ ಸಾಹೇಬರು ಎದ್ದು ನಿಂತರು.

"ಪ್ರೋಟೋಕಾಲ್ ಅಂತ ಒಂದ ಐತಿಲ್ಲೋ?" ಎನ್ನುತ್ತ ವೇದಿಕೆ ಹತ್ತಿದರು.

ಬೀರೇಶ ಹಿರಿಯರಿಗೆ ಎದುರಾಡುವ ಹುಡುಗನಲ್ಲ. ಸಾಹೇಬರನ್ನು ಗಟ್ಟಿಯಾಗಿ ಅಪ್ಪಿ ಶಾಲು ಹೊದಿಸಿಬಿಟ್ಟ. ಸತ್ಕಾರ ಪಡೆದವರು ಸುಮ್ಮನೆ ಇಳಿದು ಬರುವ ಪದ್ಧತಿ ಇಲ್ಲವಲ್ಲ. ಸಾಹೇಬರು ಭರಮಪ್ಪನವರನ್ನು ಕರೆದು ಅಪ್ಪಿ ಹೊದಿಸಿದರು. ಭರಮಪ್ಪನವರು ತಮ್ಮ ಬೀಗರಿಗೆ ಹೊದಿಸಿದರು.

"ಸರ್, ಅದು ಸತ್ಕಾರ ಅಲ್ರಿ, ಸೋಂಕು," ಎಂದಳು ಪ್ರಮಿಳಾ.

"ಇರ್ಲಿ ಬಿಡ್ರಿ ಮೇಡಂ. ಪ್ರೀತಿಲೆ ಕೊಟ್ಟಾರ, ಒಲ್ಲೆ ಅನ್ನಾಕ ಬರ್ತೈತೇನು?" ಎಂದರು ಸಾಹೇಬರು.

ಶಾಲು ಮುಗಿದವು. ಸತ್ಕಾರವಾದವರು ತಮ್ಮ ತಮ್ಮ ಕಿಸೆಯಿಂದಲೇ ಖರ್ಚು ಹಾಕಿ ಬೆಳಗಾವಿಯ ರವಿವಾರ ಪೇಟೆಯ ಅಂಗಡಿಗಳಿಗೆ ಫೋನ್ ಹಚ್ಚಿದರು. ಟೆಂಪೋ ತುಂಬ ಕೆಂಪು ಶಾಲು ಬಂದು ಇಳಿದವು. ನೂಕುನುಗ್ಗಲು ತಡೆಯಲು ಬಂದ ಪೊಲೀಸರು ರಕ್ಷಣೆಯ ಹೊಣೆ ಹೊತ್ತವರಾದ್ದರಿಂದ ಅವರಿಗೇ ಮೊದಲ ಆದ್ಯತೆ ನೀಡಲಾಯಿತು. ಶಾಲು ಹೊದ್ದ ಪೊಲೀಸರು ಲಾಠಿ ಬದಿಗಿಟ್ಟು ಬಾಜುವಿನವರನ್ನು ಅಪ್ಪಿಕೊಳ್ಳತೊಡಗಿದರು. ಮೈಕಿನಲ್ಲಿ ಪ್ರಕಟಣೆ ಕೇಳಿಬಂತು:

"ಇನ್ನೂ ಸೋಂಕು ತಗುಲದ ಮಾನ್ಯರು ದಯವಿಟ್ಟು ವೇದಿಕೆಯ ಎಡಕ್ಕೆ ಸಾಲಾಗಿ ನಿಲ್ಲತಕ್ಕದ್ದು. ಈಗಾಗಲೇ ಸೋಂಕಿತರಾದ ಗಣ್ಯರು ತಡಮಾಡದೆ ಮುಂದಿನವರಿಗೆ ದಾಟಿಸಿ ಸಹಕರಿಸತಕ್ಕದ್ದು."

ಹೆಸರುಗಳನ್ನು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೂಗಿದ್ದರಿಂದ ಹಲವರಿಗೆ ಎರಡೆರಡು ಸಲ ಸೋಂಕು ತಗುಲಿತು. ಅವರು ತಕರಾರು ಮಾಡಲಿಲ್ಲ. ತಕರಾರು ಮಾಡಿದವರು ಹಿಂದಿನ ಸಾಲಿನವರು. "ನಮ್ಮ ಓಣ್ಯಾಗ ಒಬ್ಬರಿಗೂ ತಗುಲಿಲ್ಲ, ಇದು ಯಾವ ನ್ಯಾಯ?" ಎಂದು ಕುರ್ಚಿ ಹತ್ತಿ ನಿಂತರು. ಗುಳಿಗೆಯ ವೇಷದ ಪರಾಗ ತನ್ನ ಪಾತ್ರ ನೆನೆದು "ನಿಲ್ಲಿಸ್ರಿ" ಎಂದು ನುಗ್ಗಿದಾಗಂತೂ ಜನ ಮೈಮೇಲೇ ಬಂದರು. ಸತ್ಕಾರ ನಿಲ್ಲಿಸಲು ಇವನ್ಯಾರು? ಗಜಾನನ ಸಾಹೇಬರು ಸಮಯಪ್ರಜ್ಞೆ ಮೆರೆದು ಗುಳಿಗೆಗೆ ಎರಡು ಶಾಲು ಹೊದಿಸಿದರು. ಗುಳಿಗೆ ತೆಪ್ಪಗಾಯಿತು.

ಖರೇ ಹೇಳಬೇಕೆಂದರೆ ಪ್ರಮಿಳಾಗೆ ಒಳಗೊಳಗೇ ನಗು ತಡೆಯಲಾಗಲಿಲ್ಲ. ಒಂದು ಕೋಶದಿಂದ ಇನ್ನೊಂದಕ್ಕೆ ವೈರಾಣು ದಾಟುವುದನ್ನು ಇದಕ್ಕಿಂತ ಬಿಡಿಸಿ ತೋರಿಸಲು ಯಾರಿಂದ ಸಾಧ್ಯವಿತ್ತು? ಆ ಖುಷಿಯಲ್ಲೇ ಅವಳು ಮಾಯವ್ವನನ್ನು ಕೈಹಿಡಿದು ವೇದಿಕೆಗೆ ತಂದಳು.

"ನನಗ ಎಚ್‌ಐವಿ ಐತ್ರಿ," ಎಂದಳು ಮಾಯವ್ವ ಮೈಕಿನಲ್ಲಿ. "ದಿನಾ ಗುಳಿಗಿ ತಗೋತೀನಿ, ಆರಾಮದೀನಿ. ಅದು ಮೈಯೊಳಗ ಹಬ್ಬೂದು ಬ್ಯಾರೆ, ಮಂದಿಯಿಂದ ಮಂದಿಗೆ ಬರೂದು ಬ್ಯಾರೆ. ನನ್ನ ಅಪ್ಪಿಕೊಂಡ್ರ ಬರೂದಿಲ್ಲ. ನಾ ಮಾಡಿದ ಅನ್ನ ಉಂಡ್ರೂ ಬರೂದಿಲ್ಲ."

ಸರದಿಯ ಪ್ರಕಾರ ಮುಂದಿನ ಶಾಲು ಭರಮಪ್ಪನವರ ಕೈಯಲ್ಲಿತ್ತು. ಅವರ ಹೆಗಲ ಮೇಲೆ ಆಗಲೇ ಕುತ್ತಿಗೆ ಕಾಣದಷ್ಟು ಶಾಲುಗಳಿದ್ದವು.

"ಹಾಕ್ರಿ ಯಜಮಾನ್ರ," ಎಂದಳು ಪ್ರಮಿಳಾ.

"ಅವು ನಾಟಕದ್ವು ಇದ್ವು ಮೇಡಂ," ಎಂದರು ಭರಮಪ್ಪನವರು ಒಂದು ಹೆಜ್ಜೆ ಹಿಂದೆ ಸರಿದು. "ಇದು ಖರೇದು."

ವೇದಿಕೆ ಏರಿದವರನ್ನು ಸತ್ಕರಿಸದೆ ಕಳಿಸುವುದು ನಿಯಮಬಾಹಿರವೆಂದು ಗಜಾನನ ಸಾಹೇಬರು ಎಚ್ಚರಿಸಿದರು. ಚರ್ಚೆ ನಡೆಯಿತು. ಬ್ಯಾನರ್ ಕಟ್ಟಲು ತಂದಿದ್ದ ಉದ್ದನೆಯ ಬಿದಿರಿನ ತುದಿಗೆ ಶಾಲು ಸಿಕ್ಕಿಸಿ, ದೂರದಿಂದಲೇ ಮಾಯವ್ವನ ಹೆಗಲ ಮೇಲೆ ಇಳಿಸಲಾಯಿತು. ಚಪ್ಪಾಳೆ ಮುಗಿಲು ಮುಟ್ಟಿತು. ಪ್ರಮಿಳಾಗೆ ಸಿಟ್ಟು ನೆತ್ತಿಗೇರಿತು. ಹೋಗಿ ಮಾಯವ್ವನನ್ನು ತಬ್ಬಿಕೊಂಡು ನಿಂತಳು. ಬಿದಿರು ಕಾಣುವುದಿಲ್ಲ, ಸ್ವಲ್ಪ ಬದಿಗೆ ಸರೀರಿ ಎಂದ ಫೋಟೋದವ.

ಮರುದಿನ ಮಾಯವ್ವ ಶಾಲೆಗೆ ಹೋದಳು. ಭರಮಪ್ಪನವರು ಎದ್ದು ನಿಂತು ದೂರದಿಂದ ಕೈಮುಗಿದರು.

"ನೀವು ಸತ್ಕಾರ ಆದವ್ರು. ಅಂಥಾವ್ರನ್ನ ಒಲಿ ಮುಂದ ಕುಂದರಿಸಿದ್ರ ನಾಳೆ ನಾ ಮಂದಿಗೆ ಹೆಂಗ ಮಾರಿ ತೋರಿಸ್ಲಿ?"

ಪ್ರಮಿಳಾ ಸಮಿತಿಗೆ ದೂರು ಕೊಟ್ಟಳು. ಸಮಿತಿ ಅದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿ ಮೂರು ನಿರ್ಣಯ ಕೈಗೊಂಡಿತು. ಮಾಯವ್ವ ಇನ್ನು ಮುಂದೆ ಎಲ್ಲ ತಾಲೂಕುಗಳ ಕಾಯಂ ಮುಖ್ಯ ಅತಿಥಿ. ಬಿದಿರು ಜೀಪಿನಲ್ಲಿ ಅವಳೊಂದಿಗೇ ಪ್ರಯಾಣಿಸತಕ್ಕದ್ದು. ಇಷ್ಟು ಕಳಕಳಿಯ ದೂರು ಕೊಟ್ಟ ಪ್ರಮಿಳಾಗೆ ಬೆಳಗಾವಿಯಲ್ಲಿ ಬಹಿರಂಗ ಸತ್ಕಾರ.

ಶಾಲನ್ನು ಮೈಗೆ ಮುಟ್ಟಿಸಿಕೊಳ್ಳುವುದಿಲ್ಲ, ಒಲೆಯ ವಿಷಯ ಎತ್ತಿಯೇ ತೀರುತ್ತೇನೆ ಎಂದು ಶಪಥ ಮಾಡಿ ಪ್ರಮಿಳಾ ವೇದಿಕೆ ಹತ್ತಿದಳು. "ಮಾಯವ್ವನ ಕೆಲಸ..." ಎನ್ನುವಷ್ಟರಲ್ಲಿ ಗಜಾನನ ಸಾಹೇಬರ ಪತ್ನಿ ಅವಳನ್ನು ಅಪ್ಪಿಕೊಂಡರು. ಶಾಲು ಹೆಗಲ ಮೇಲೆ ಬಿತ್ತು. ಒಳ್ಳೆಯ ಶಾಲು, ಮೆತ್ತಗಿತ್ತು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಯಾರೋ ಅವಳ ಕೈಗೆ ಇನ್ನೊಂದು ಶಾಲು ಕೊಟ್ಟರು. ಬಾಜುವಿನಲ್ಲಿ ಒಬ್ಬರು ಆಗಲೇ ಕುತ್ತಿಗೆ ಬಗ್ಗಿಸಿ ನಿಂತಿದ್ದರು. ಪ್ರಮಿಳಾ ಶಾಲು ಹಿಡಿದು ಮಾಯವ್ವನ ಕಡೆ ನೋಡಿದಳು. ಬಿದಿರಿನ ಸರದಿ ಕಾಯುತ್ತ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕುಳಿತಿದ್ದ ಮಾಯವ್ವ ಸಣ್ಣಗೆ ನಕ್ಕಳು.

"ಹಾಕಿಬಿಡ್ರಿ ಅಕ್ಕಾರ," ಎಂದಳು. "ಪಾಪ, ಅವ್ರು ಎಷ್ಟೊತ್ತಂತ ಬಗ್ಗಿ ನಿಂದ್ರಬೇಕು?"

ಪ್ರಮಿಳಾ ಬಗ್ಗಿ ನಿಂತವರನ್ನು ಅಪ್ಪಿಕೊಂಡು ಶಾಲು ಹೊದಿಸಿದಳು.