ಏಳನೆಯ ಬಟ್ಟಲು

ನಮ್ಮ ಮನೆಯಲ್ಲಿ ಛತ್ರಿ ಒಂದೇ. ನನ್ನ ಓದುವ ಕನ್ನಡಕವೂ ಒಂದೇ, ಅದಕ್ಕೂ ಎಡಗಡೆ ಕಡ್ಡಿಯಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಹರಿದರೆ ನಾನು ಮಾರ್ಕೆಟ್ಟಿಗೆ ಓಡಿ ತರುವವರೆಗೆ ಯಾರಿಗೂ ಅನ್ನವಿಲ್ಲ. ಆದರೆ ನನ್ನ ಹೆಂಡತಿಯ ಪಿಸ್ತೂಲಿಗೆ ಮಾತ್ರ ಸ್ಪ್ರಿಂಗು ನಾಲ್ಕು, ಫೈರಿಂಗ್ ಪಿನ್ನು ಮೂರು, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಕೊಕ್ಕೆ ಎರಡು! ಗಂಡ ಒಬ್ಬನೇ. ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ಬಸವಲಿಂಗಪ್ಪನಾದ ನನ್ನ ಸ್ಥಾನಮಾನ ಇಷ್ಟು.

(ಗಾಬರಿಯಾಗಬೇಡಿ. ಲೈಸೆನ್ಸ್ ಇದೆ. ನಮ್ಮವಳು ಚೋಂದಮ್ಮ, ಕೊಡಗಿನ ಸುಬೇದಾರರ ಮಗಳು, ಇಲ್ಲಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಗುರಿ ಇಡುವುದು ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಮಾತ್ರ. ನನ್ನ ಕಡೆ ಬರೀ ದೃಷ್ಟಿ ಬೀರುತ್ತಾಳೆ, ಅಷ್ಟೇ ಸಾಕಾಗುತ್ತದೆ.)

ರಾಷ್ಟ್ರೀಯ ಸ್ಪರ್ಧೆಗೆ ಹೋಗಬೇಕೆಂಬುದು ಅವಳ ಹನ್ನೊಂದು ವರ್ಷದ ಆಸೆ. ಹೋದ ವರ್ಷ ಆಯ್ಕೆಯ ಕೊನೆಯ ಸುತ್ತಿನಲ್ಲಿ ಆ ಕೊಕ್ಕೆ ಮುರಿಯಿತು. ಕೈಯಲ್ಲಿ ಇನ್ನೊಂದಿರಲಿಲ್ಲ. ಮನೆಗೆ ಬಂದವಳು ನಲವತ್ತು ಚಪಾತಿ ಲಟ್ಟಿಸಿದಳು. ಮನೆಯಲ್ಲಿ ಇದ್ದವರು ಮೂರೇ ಜನ. ಅವತ್ತು ನನಗೆ ನಿಜವಾಗಿ ಸಂಕಟವಾಯಿತು.

ಮಾರನೆಯ ದಿನವೇ ಏಳು ಬಟ್ಟಲಿನ ಸ್ಟೀಲ್ ಮಸಾಲೆ ಡಬ್ಬ ಬಂತು. ಸಾಸಿವೆ ಇರಬೇಕಾದಲ್ಲಿ ಸ್ಕ್ರೂ, ಜೀರಿಗೆ ಇರಬೇಕಾದಲ್ಲಿ ಪಿನ್ನು, ಮೆಂತ್ಯದ ಜಾಗದಲ್ಲಿ ಸ್ಪ್ರಿಂಗು. ಒಂದೊಂದಕ್ಕೂ ತೆಳುವಾಗಿ ಎಣ್ಣೆ ಸವರಿ, ಯಾವಾಗ ಹಾಕಿದ್ದು, ಯಾವಾಗ ಬದಲಿಸಬೇಕು ಎಂದು ಚೀಟಿ ಬರೆದಿಟ್ಟಳು. ನಮ್ಮ ಇಲಾಖೆಯ ಕಡತಗಳು ಇಪ್ಪತ್ತಾರು ವರ್ಷದಲ್ಲಿ ಅಂಥ ಶಿಸ್ತು ಕಂಡಿಲ್ಲ. ನಾನು ಆಗಾಗ ಸುಮ್ಮನೆ ಆ ಡಬ್ಬ ನೋಡಿ ಹೆಮ್ಮೆಪಟ್ಟಿದ್ದೇನೆ. ಏಳನೆಯ ಬಟ್ಟಲಿಗೆ ಮಾತ್ರ ಮುಚ್ಚಳ, ಅದರ ಸುತ್ತ ಮೂರು ಸುತ್ತು ಟೇಪು.

"ಅದರಲ್ಲೇನಿದೆ?" ಎಂದೆ.

"ಅದು ಬೇರೆ ವಿಷಯ. ನಿಮಗೆ ಬೇಡ ಬಿಡಿ."

ಗೋಡಂಬಿ ಇರಬೇಕೆಂದುಕೊಂಡೆ. ನನಗೆ ಸಕ್ಕರೆ ಕಾಯಿಲೆ, ಅವಳಿಗೆ ಸಂಶಯದ ಕಾಯಿಲೆ.

ಈ ಸಲದ ಆಯ್ಕೆ ಆಯುಧ ಪೂಜೆಯಾಗಿ ಐದನೆಯ ದಿನಕ್ಕೆ ಬಂತು. ಪೂಜೆಯ ಬೆಳಿಗ್ಗೆ ಪಿಸ್ತೂಲಿಗೆ ತಾನೇ ಹೂವಿಟ್ಟು, ಅದನ್ನು ಪೆಟ್ಟಿಗೆಗೆ ಹಾಕಿ, ಅಭ್ಯಾಸಕ್ಕೆ ಹೊರಟಳು. ಬಾಗಿಲಲ್ಲಿ ನಿಂತು, "ರೀ, ಡಬ್ಬಕ್ಕೆ ಮೇಲಿಂದ ಒಂದು ಹೂ ಇಡಿ, ಸಾಕು. ಮುಚ್ಚಳ ತೆಗೀಬೇಡಿ" ಎಂದಳು.

ನಮ್ಮಪ್ಪ ದಾವಣಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು. ಆಯುಧ ಪೂಜೆಯೆಂದರೆ ಒಂದೊಂದು ನಟ್ಟು, ಒಂದೊಂದು ಬೋಲ್ಟನ್ನೂ ತೊಳೆದು, ವಿಭೂತಿ ಹಚ್ಚಿ, ಗಂಧ ಕುಂಕುಮ ಇಟ್ಟವರು. ಅಂಥವರ ಮಗ ಮುಚ್ಚಿದ ಡಬ್ಬಕ್ಕೆ ಹೂವಿಟ್ಟು ಕೈಮುಗಿಯುವುದೇ? ಹೋದ ವರ್ಷ ಕೊಕ್ಕೆ ಮುರಿದದ್ದು ಏಕೆಂದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ಪೂಜೆ ಸಾಲದು! ನನ್ನ ಹೆಂಡತಿಯ ಗೆಲುವು ಈಗ ನನ್ನ ಕೈಯಲ್ಲಿತ್ತು.

ಮುಚ್ಚಳ ತೆಗೆದೆ. ಎಲ್ಲದಕ್ಕೂ ಎಣ್ಣೆ ಜಿಡ್ಡು. ಪಾತ್ರೆ ಸೋಪಿನಲ್ಲಿ ಉಜ್ಜಿ, ಮೂರು ನೀರಿನಲ್ಲಿ ಜಾಲಾಡಿಸಿದೆ. ವಿಭೂತಿ ಹಚ್ಚಿದೆ. ಗಂಧ ತೇದು ಸ್ಪ್ರಿಂಗಿನ ಒಂದೊಂದು ಸುತ್ತಿಗೂ ಮುಟ್ಟಿಸಿದೆ. ಕುಂಕುಮ ಏರಿಸಿದೆ. ಏಳನೆಯದರ ಟೇಪು ಬಿಚ್ಚಲು ಉಗುರು ಹಾಕುವಷ್ಟರಲ್ಲಿ ಒಲೆಯ ಮೇಲೆ ಪಾಯಸದ ಹಾಲು ಉಕ್ಕಿತು. ಹೋಗಲಿ ಎಂದು ಅದಕ್ಕೆ ಹೊರಗಿನಿಂದಲೇ ಬೊಟ್ಟಿಟ್ಟು, ಮಂಗಳಾರತಿ ಎತ್ತಿ, ಹಸಿ ಹಸಿಯಾಗಿಯೇ ಡಬ್ಬ ಮುಚ್ಚಿದೆ. ಮಧ್ಯಾಹ್ನ ಅವಳು ಬಂದು ಮುಚ್ಚಳದ ಮೇಲಿನ ಸೇವಂತಿಗೆ ನೋಡಿ, "ಪರವಾಗಿಲ್ಲವೇ, ಹೇಳಿದ ಹಾಗೆ ಕೇಳಿದ್ದೀರಿ" ಎಂದಳು. ನಾನು ವಿನಯದಿಂದ ಪಾಯಸ ಬಡಿಸಿದೆ.

ಭಾನುವಾರ ತುಘಲಕಾಬಾದಿನ ಶೂಟಿಂಗ್ ರೇಂಜು. ನಾನು, ಮಗಳು ಅಪೂರ್ವಾ ಗ್ಯಾಲರಿಯ ಮುಂದಿನ ಸಾಲಿನಲ್ಲಿ. ಕೈ ಚಾಚಿ ನಿಂತ ಚೋಂದಮ್ಮನನ್ನು ನೀವು ನೋಡಬೇಕು! ನಲವತ್ತೇಳರ ಹೆಂಗಸು, ಪಕ್ಕದಲ್ಲಿ ಇಪ್ಪತ್ತರ ಹುಡುಗಿಯರು, ಆದರೂ ಆ ಕೈ ಒಂದಿಷ್ಟೂ ಅದುರುವುದಿಲ್ಲ. ಅಂಕಗಳು ಏರುತ್ತ ಹೋದವು. ಇನ್ನು ಹತ್ತೇ ಗುಂಡು ಬಾಕಿ ಇರುವಾಗ ಪಿಸ್ತೂಲು ಟಕ್ ಎಂದು ನಿಂತಿತು. ಅವಳು ಕೈ ಎತ್ತಿದಳು. ಅಧಿಕಾರಿ ಬಂದು ನೋಡಿ, ಸರಿಪಡಿಸಿಕೊಳ್ಳಲು ಹದಿನೈದು ನಿಮಿಷ ಕೊಟ್ಟರು.

"ಸ್ಪ್ರಿಂಗ್ ಹೋಗಿದೆ ಅಷ್ಟೇ. ಮಮ್ಮಿ ಹತ್ರ ಸ್ಪೇರ್ ಹೈ ನಾ" ಎಂದಳು ಅಪೂರ್ವಾ.

ಚೋಂದಮ್ಮ ಡಬ್ಬ ತೆರೆದಳು. ನಾನು ಕೂತಲ್ಲಿಂದಲೇ ಕಂಡೆ, ಒಳಗೆಲ್ಲ ಕೆಂಪು.

"ಪಪ್ಪಾ, ವೋ ಕ್ಯಾ ಹೈ?"

"ಕುಂಕುಮ ಪುಟ್ಟಾ."

"ಕುಂಕುಮ ಅಲ್ಲ, ರಸ್ಟ್! ಆಪ್‌ನೇ ಪಾನಿ ಸೇ ಧೋಯಾ?"

ಸ್ಪ್ರಿಂಗುಗಳು ತುಕ್ಕು ಹಿಡಿದು, ಗಂಧ ಒಣಗಿ, ಒಂದಕ್ಕೊಂದು ಅಂಟಿಕೊಂಡು ಒಂದೇ ಸಂಸಾರವಾಗಿದ್ದವು. ಹನ್ನೊಂದು ವರ್ಷದ ಆಸೆಯನ್ನು ನಾನು ಸೋಪು ಹಾಕಿ ತೊಳೆದಿದ್ದೆ. ಅವಳು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದಳು. ನನಗೆ ಆ ನಲವತ್ತು ಚಪಾತಿಗಳು ನೆನಪಾದವು.

ಆಮೇಲೆ ಅವಳು ಏನೂ ಆಗದವಳಂತೆ ಏಳನೆಯ ಬಟ್ಟಲಿನ ಟೇಪು ಸುಲಿದಳು. ಗೋಡಂಬಿಯಲ್ಲ. ಎಣ್ಣೆ ಕಾಗದದಲ್ಲಿ ಸುತ್ತಿದ ಇನ್ನೊಂದು ಇಡೀ ಸೆಟ್ಟು! ನಾಲ್ಕೇ ನಿಮಿಷದಲ್ಲಿ ಬಿಚ್ಚಿದಳು, ಜೋಡಿಸಿದಳು, ಮತ್ತೆ ಕೈ ಚಾಚಿ ನಿಂತಳು. ಉಳಿದ ಹತ್ತು ಗುಂಡಿಗೆ ನೂರಕ್ಕೆ ತೊಂಬತ್ತಾರು. ಆಯ್ಕೆಯಾದಳು. ಅಪೂರ್ವಾ ಕುಣಿದಳು, ನಾನು ಅತ್ತೆ. (ಸಂತೋಷಕ್ಕೆ ಮುಕ್ಕಾಲು, ಭಯಕ್ಕೆ ಕಾಲು.)

ಕ್ಯಾಬಿನಲ್ಲಿ ಡಬ್ಬ ನನ್ನ ತೊಡೆಯ ಮೇಲಿತ್ತು. ಏಳನೆಯ ಮುಚ್ಚಳದ ಒಳಗಡೆ ಅವಳ ಅಕ್ಷರದಲ್ಲಿ ಒಂದು ಚೀಟಿ: "ನಮ್ಮವರು ಕೈ ಹಾಕಿದರೆ."

"ಇದೇನೇ ಇದು?"

"ಆರು ಬಟ್ಟಲು ಪಿಸ್ತೂಲು ಕೆಟ್ಟರೆ ಅಂತ. ಏಳನೆಯದು ನಿಮಗೆ ಭಕ್ತಿ ಬಂದರೆ ಅಂತ."

"ಎಲ್ಲದಕ್ಕೂ ಸ್ಪೇರ್ ಇಟ್ಟವಳು, ನನಗೊಂದು ಇಡಲಿಲ್ಲವಲ್ಲ?"

"ನಿಮ್ಮ ಮಾಡೆಲ್‌ದು ಎಲ್ಲಿ ಸಿಗುತ್ತೆ ರೀ? ಅದಕ್ಕೇ ಇರೋದನ್ನೇ ಮೇಂಟೇನ್ ಮಾಡ್ಕೊಂಡು ಬಂದಿದ್ದೀನಿ."

ಡ್ರೈವರ್ ಭಯ್ಯಾನಿಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕ. ಮಾರ್ಕೆಟ್ಟಿನ ಹತ್ತಿರ ಅವಳು ಗಾಡಿ ನಿಲ್ಲಿಸಿ ನನ್ನನ್ನು ಇಳಿಸಿದಳು.

"ಹೋಗಿ ಹೊಸ ಡಬ್ಬ ತನ್ನಿ. ಎಂಟು ಬಟ್ಟಲಿಂದು."

"ಎಂಟು ಯಾಕೆ? ಏಳು ಸಾಕಲ್ಲ?"

"ಏಳನೆಯದರಲ್ಲಿ ಏನಿರುತ್ತೆ ಅಂತ ಈಗ ನಿಮಗೆ ಗೊತ್ತಾಯ್ತಲ್ಲ!"