ಪ್ರತಿವಾದಿ ನಂಬರ್ ಎರಡು

ಕನ್ನೊಳ್ಳಿಯ ಧೂಳಪ್ಪ ತನ್ನ ಹೊಲದಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಅತ್ತ ಇಂಡಿ ಊರಿನ ತೋಟಗಳಲ್ಲಿ ನಿಂಬೆಕಾಯಿ ಉದುರುತ್ತಿದ್ದವು. ಇದಕ್ಕೆ ಸಾಕ್ಷಿ ಧೂಳಪ್ಪನೇ. ಅಂಥ ಗಂಡುಗಲಿಯನ್ನು ಎಪ್ಪತ್ತಾರನೇ ಇಸವಿಯಲ್ಲಿ ನೆಲಕ್ಕೆ ಕೆಡವಿದ್ದು ಸಮನ್ಸಿನಲ್ಲಿದ್ದ ಒಂದೇ ಒಂದು ಶಬ್ದ: ಪ್ರತಿವಾದಿ.

ದಾವೆ ಹೂಡಿದವನು ಸ್ವಂತ ಅಣ್ಣ ಚಂದಪ್ಪ. ಅಣ್ಣತಮ್ಮರ ಕೂಡುಬಾವಿಯ ಕಾಲುವೆಯನ್ನು, ಹೋದ ವರ್ಷವಷ್ಟೇ ಪಕ್ಕದ ಹೊಲ ಕೊಂಡಿದ್ದ ಅಮಸಿದ್ದ ಮುಚ್ಚಿಬಿಟ್ಟಿದ್ದ. ಜಗಳ ಅವನ ಮೇಲೆ. ಆದರೆ ಕಾಗದದಲ್ಲಿ ಅಮಸಿದ್ದ ಪ್ರತಿವಾದಿ ನಂಬರ್ ಒಂದು, ಅವನ ಕೆಳಗೆ ಧೂಳಪ್ಪ ನಂಬರ್ ಎರಡು.

ಕೋರ್ಟಿನ ತಾರೀಖು ಬಿದ್ದ ದಿನವೇ ಸಂಜೆಗೆ, ಮಗಳು ಕಾಶಿಬಾಯಿಯನ್ನು ನೋಡಲು ಮುದ್ದೇಬಿಹಾಳದ ಕಡೆಯಿಂದ ಗಂಡಿನವರು ಬರುವವರಿದ್ದರು. ಮನೆ, ಹೊಲ, ಮಾನ ಎಲ್ಲ ತೂಗಿ ನೋಡುವ ಜನ.

ಆ ದಿನ ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಬಾಳಮ್ಮ ಸಾವಿನ ಮನೆಗೆ ಬಂದವಳ ಹಾಗೆ ಕಟ್ಟೆಯ ಮೇಲೆ ಕೂತಿದ್ದಳು.

“ಶೇವಂತೆವ್ವಾ, ನಿನ್ನ ಗಂಡಗ ಎಷ್ಟು ವರ್ಷ ಹಾಕ್ತಾರಂತ?”

“ಜೇಲಿನ ಮಾತ ಇಲ್ಲಬೇ. ನೀರಿನ ಕಾಲುವಿ ಖಟ್ಲೆ ಅದು,” ಎಂದಳು ಧೂಳಪ್ಪನ ಹೆಂಡತಿ.

“ಯಾವುದರೆ ಇರ್ಲಿ. ಪ್ರತಿವಾದಿ ಮಗಳ್ನ ಸೊಸಿ ಮಾಡ್ಕೊಳ್ಳಾವ್ರು ಯಾರವ್ವ?”

ಬಸ್ಸಿಗೆ ಹೊರಟರೆ ದಾರಿಯಲ್ಲಿ ದರ್ಜಿ ಚಾಂದಸಾಬ ಹೊಲಿಗೆ ಯಂತ್ರ ನಿಲ್ಲಿಸಿದ. “ಧೂಳಪ್ಪಣ್ಣ, ಅಂಗಿಗೆ ಉದ್ದ ತೋಳು ಹಚ್ಚಿಕೊಡ್ಲೇನು? ಬೇಡಿ ಕಾಣಂಗಿಲ್ಲ.”

ಸಿಂದಗಿ ಮುಟ್ಟುವತನಕ ಧೂಳಪ್ಪ ಹರಕೆಗೆ ಬಿಟ್ಟ ಕುರಿಯ ಹಾಗೆ ಕೂತ. ಕೋರ್ಟಿನ ಪಡಸಾಲೆಯಲ್ಲಿ ಅಣ್ಣ ಚಂದಪ್ಪ, ಅವನ ವಕೀಲರಾದ ಶಂಕರೆಪ್ಪನವರು ಇಬ್ಬರೂ ಸಿಕ್ಕರು.

“ನೋಡು ಧೂಳಪ್ಪ, ಬಾವಿ ಇಬ್ಬರದೂ. ದಾವೆಯೊಳಗ ಇಬ್ಬರೂ ಇರಬೇಕು,” ಎಂದರು ವಕೀಲರು. “ಸಹಿ ಹಾಕಾಕ ಬಾ ಅಂದಾಗ ನೀ ಕುರಿ ಹೊಡಕೊಂಡು ಹೋಗಿದ್ದಿ. ವಾದಿ ಆಗಾಕ ಸಹಿ ಬೇಕು, ಪ್ರತಿವಾದಿ ಆಗಾಕ ಏನೂ ಬೇಕಾಗಿಲ್ಲ. ಅದಕ್ಕ ಆ ಕಡೆ ಕುಂಡ್ರಿಸೇವಿ. ನಿನ್ನ ಮ್ಯಾಲೆ ಯಾವ ತಕರಾರೂ ಇಲ್ಲ. ಬರೇ ಹೆಸರಿಗೆ.”

“ಆ ಹೆಸರೇ ಹೋಗಾಕತ್ತೈತ್ರಿ ಸಾಹೇಬ್ರ.”

“ಸುಮ್ಮನಿದ್ರ ಏನೂ ಆಗಂಗಿಲ್ಲ.”

“ಸುಮ್ಮನಿದ್ರ ಮಗಳು ಮನ್ಯಾಗ ಉಳಿತಾಳ. ನನ್ನ ಈ ಕಡೆ ತಗೋರಿ, ನಿಮ್ಮ ಕಾಲಿಗೆ ಬೀಳ್ತೇನಿ.”

ಬಿದ್ದೂ ಬಿಟ್ಟ. ವಕೀಲರು ಅರ್ಜಿ ಬರೆದರು. ಅಮಸಿದ್ದನ ವಕೀಲರು ತಕರಾರಿಲ್ಲ ಎಂದರು. ನ್ಯಾಯಾಧೀಶರು ತಲೆ ಎತ್ತದೆಯೇ ಒಪ್ಪಿದರು. ಧೂಳಪ್ಪ ವಾದಿ ನಂಬರ್ ಎರಡಾದ. ಬರುವಾಗ ಬಸ್ಸಿನ ಸೀಟು ಅವನಿಗೆ ಸಾಲಲಿಲ್ಲ.

ಮನೆಗೆ ಬಂದರೆ ಗಂಡಿನ ತಂದೆ ಸಿದ್ದರಾಯ ಕಂಬಳಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಧೂಳಪ್ಪ ಕಾಲಿಗೆ ನೀರೂ ಹಾಕಿಕೊಳ್ಳಲಿಲ್ಲ.

“ತಡ ಆತ್ರಿ ಬೀಗರ. ಜಡ್ಜ್ ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ಬಂದ್ರು ನೋಡ್ರಿ. ‘ಧೂಳಪ್ಪ, ಪ್ರತಿವಾದಿ ಆಗೋ ಮನಷ್ಯಾ ಅಲ್ಲ ನೀ, ವಾದಿ ಆಗು’ ಅಂತ ಕೈ ಹಿಡದು ಕುಂಡ್ರಿಸಿದ್ರು. ಇನ್ನ ಆ ಅಮಸಿದ್ದನ ಅಟ್ಟಾಡಸ್ತೇನಿ.”

ಸಿದ್ದರಾಯ ಕಪ್ಪು ಕೆಳಗಿಟ್ಟ.

“ಅಮಸಿದ್ದ ನನ್ನ ಹೆಂಡ್ತಿ ಅಣ್ಣ. ಈ ಮನಿ ತೋರಿಸಿದಾವ ಅವನ. ‘ಅಣ್ಣ ಚಂದಪ್ಪ ನನ್ನ ಮ್ಯಾಲೆ ಕೋರ್ಟಿಗೆ ಹೋದ್ರೂ ತಮ್ಮ ನನ್ನ ಜೋಡಿ ನಿಂತಾನ, ಸಮನ್ಸಿನ್ಯಾಗ ನನ್ನ ಕೆಳಗ ಅವನ ಹೆಸರೈತಿ. ಅಂಥಾ ನ್ಯಾಯವಂತನ ಮಗಳ್ನ ತರಬೇಕು’ ಅಂದ. ಅದಕ್ಕ ಬಂದೇವಿ.”

ಒಳಬಾಗಿಲಲ್ಲಿ ಕಾಶಿಬಾಯಿ ಅಲ್ಲೇ ನಿಂತಳು.

ಸಿದ್ದರಾಯ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡು ಅಂದ: “ಇರ್ಲಿ. ಜಡ್ಜ್ ಸಾಹೇಬ್ರು ತಾವ ಎದ್ದು ಬಂದು ವಾದಿ ಮಾಡಿದ್ರ ನೀ ಏನು ಮಾಡ್ತಿ? ಅದು ನಿನ್ನ ತಪ್ಪಲ್ಲ.”

“ಅಲ್ರಿ, ಅಲ್ರಿ,” ಎಂದು ಧೂಳಪ್ಪ ಉಸಿರು ಬಿಡುವಷ್ಟರಲ್ಲಿ, ಮುಂದಿನ ಬಸ್ಸಿಗೆ ಬಂದ ಚಂದಪ್ಪ ಆ ಮಾತು ಕೇಳಿಸಿಕೊಂಡೇ ಹೊಸ್ತಿಲು ದಾಟಿದ. ತಮ್ಮನನ್ನು ಅವನು ಅಷ್ಟು ಪ್ರೀತಿಯಿಂದ ಎಂದೂ ನೋಡಿರಲಿಲ್ಲ.

“ಜಡ್ಜ್ ಎಲ್ಲಿ ಎದ್ದು ಬಂದಿದ್ರೋ? ನೀನ ವಕೀಲರ ಕಾಲು ಹಿಡದು ನನ್ನ ಕಡೆ ಬಂದಿ. ಕಣ್ಣಾರೆ ನೋಡೇನಿ ತಮ್ಮಾ.”

ಎಲ್ಲರೂ ಧೂಳಪ್ಪನ ಮುಖ ನೋಡಿದರು. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಖರೇ ಐತ್ರಿ. ಜಡ್ಜ್ ಸಾಹೇಬ್ರು ನನ್ನ ಮಾರಿನೂ ನೋಡಿಲ್ಲ. ನಾನ ಕಾಲಿಗೆ ಬಿದ್ದು ಈ ಕಡೆ ಬಂದೇನಿ. ಅಮಸಿದ್ದನ ಜೋಡಿ ಒಂದು ದಿನಾನೂ ನಿಂತಿಲ್ರಿ. ಆ ಕಡೆ ಇದ್ದಾಗೂ ಬರೇ ಹೆಸರಿಗಿದ್ದೆ.”